ಮಗಳಿಗೆ ಕಂಪ್ಯೂಟರ್ ಸೈನ್ಸ್ ಬೇಕೇ? ಮೊದಲು ಗಣಿತ ಬಿಡಿಸಬೇಡಿ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಮನೆಯಲ್ಲಿ ನಡೆಯುವ ಮಾತು ಹೆಣ್ಣುಮಗಳ ಮುಂದಿನ ಬದುಕನ್ನೇ ತೀರ್ಮಾನಿಸುತ್ತದೆ. ಗಣಿತದಲ್ಲಿ ತೊಂಬತ್ತು ತೆಗೆದ ಹುಡುಗಿಗೂ "ಆರ್ಟ್ಸ್ ಸಾಕು, ಕಾಲೇಜು ಹತ್ತಿರ ಇದೆ" ಎನ್ನುವ ಮನೆಗಳನ್ನು ನಾನು ಪಾಠ ಹೇಳಿದ ವರ್ಷಗಳಲ್ಲಿ ಬಹಳ ಕಂಡಿದ್ದೇನೆ. ಅವಳೇ ಇಷ್ಟಪಟ್ಟು ಆರ್ಟ್ಸ್ ಸೇರಿದರೆ ಸಂತೋಷ. ಅವಳನ್ನು ಕೇಳದೆ ಗಣಿತ ಬಿಡಿಸಿದರೆ, ಪಿಯುಸಿಯಿಂದ ಇಂಜಿನಿಯರಿಂಗ್ ಸೇರುವ ದಾರಿ ಅಲ್ಲಿಗೇ ಮುಚ್ಚುತ್ತದೆ.

ಕಂಪ್ಯೂಟರ್ ಸೈನ್ಸ್ ಎಂದರೆ ಟೈಪಿಂಗ್ ಅಲ್ಲ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಯಂತ್ರಕ್ಕೆ ತಪ್ಪಿಲ್ಲದೆ ಹೇಳುವ ವಿದ್ಯೆ. ಅಕಾರಾದಿಯಾಗಿ ಬರೆದ 1000 ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರು ಹುಡುಕಬೇಕೆನ್ನಿ. ಮೊದಲಿನಿಂದ ಓದುತ್ತ ಹೋದರೆ ಸಾವಿರ ಸಲ ನೋಡಬೇಕಾದೀತು. ನಡುವಿನ ಹೆಸರು ನೋಡಿ, ಬೇಕಾದದ್ದು ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ತಿಳಿದು, ಉಳಿದ ಅರ್ಧ ಬಿಡಿ. ಹೀಗೇ ಮಾಡುತ್ತ ಹೋದರೆ ಹೆಚ್ಚೆಂದರೆ 10 ಸಲದಲ್ಲಿ ಸಿಗುತ್ತದೆ. ಇಂಥ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿ ಅವರ ಹೆಸರಿನಿಂದ ಬಂದ ಪದವಿದು. ಈ ವಿದ್ಯೆಗೆ ಬೇಕಾದದ್ದು ತಾಳ್ಮೆ ಮತ್ತು ತರ್ಕ. ಎರಡೂ ನಮ್ಮ ಹೆಣ್ಣುಮಕ್ಕಳಲ್ಲಿವೆ.

ಹೆಣ್ಣಿಗೆ ಇದು ಹೊಸ ದಾರಿಯೂ ಅಲ್ಲ. 1946ರಲ್ಲಿ ಲೋಕಕ್ಕೆ ತೋರಿಸಿದ ಅಮೆರಿಕದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ಸಿದ್ಧಪಡಿಸಿದವರು 6 ಮಂದಿ ಮಹಿಳೆಯರು. ನಮ್ಮ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಓದು ಮುಗಿಸಿದರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್ ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು.

ಈಗ ದಾರಿಗಳು ಮೂರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಸಿಇಟಿ ಬರೆದು ಬಿ.ಇ. ಸೇರುವುದು ಒಂದು. ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರುವುದು ಇನ್ನೊಂದು. ಮೂರನೆಯದು ಬಿ.ಸಿ.ಎ.; ಕಾಮರ್ಸ್ ಓದಿದವರಿಗೂ ಅನೇಕ ಕಾಲೇಜುಗಳಲ್ಲಿ ಅವಕಾಶವಿದೆ.

ದೂರದ ಚಿಂತೆ ಸಹಜ. ಆದರೆ ಹೊಸಪೇಟೆಯಲ್ಲೇ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವಿದೆ. ಕಂಪ್ಲಿ, ಸಂಡೂರು, ಹಂಪಿ ಕಡೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ನಮ್ಮ ಭಾಗದವರಿಗೆ 371(ಜೆ) ಅಡಿಯಲ್ಲಿ ಸೀಟು ಮೀಸಲಿದೆ. ಅದರ ಪ್ರಮಾಣಪತ್ರವನ್ನು ಸಿಇಟಿಗೆ ಮೊದಲೇ ಮಾಡಿಸಿಡಿ. ಸಿಇಟಿ ಮೂಲಕ ಸೀಟು ಸಿಕ್ಕವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲಕ್ಕೂ ಅರ್ಜಿ ಹಾಕಬಹುದು.

ಈ ವರದಿಯ ಜೊತೆಗಿರುವ ವಿದ್ಯಾರ್ಥಿವೇತನದ ಅರ್ಜಿಯಲ್ಲಿ "ಕೋರ್ಸ್" ಎಂಬ ಜಾಗ ತುಂಬುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವಳು ಹೇಳಿದ್ದನ್ನೇ ಬರೆಯಿರಿ.