600 ಕಿಲೋ ಸ್ಪಂಜು, 12.5 ಮಿಲಿಗ್ರಾಂ ಮದ್ದು

ಕಡಲ ಸ್ಪಂಜು ಗಿಡವಲ್ಲ, ಪ್ರಾಣಿ. ಬಂಡೆಗೆ ಒಮ್ಮೆ ಅಂಟಿಕೊಂಡಿತೆಂದರೆ ಅಲ್ಲೇ ಬಾಳು. ಮಿದುಳಿಲ್ಲ, ನರವಿಲ್ಲ, ಹೊಟ್ಟೆಯೂ ಇಲ್ಲ. ಮೈತುಂಬ ಇರುವ ಸಣ್ಣ ತೂತುಗಳಿಂದ ನೀರೆಳೆದುಕೊಂಡು, ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಸೋಸಿ ತಿನ್ನುತ್ತದೆ. ಮೀನು ಕಚ್ಚಲು ಬಂದರೆ ಓಡುವಂತಿಲ್ಲ, ನೆರೆಯ ಜೀವಿ ಮೇಲೇರಿ ಬಂದರೆ ತಳ್ಳುವಂತಿಲ್ಲ. ಹಾಗಾಗಿ ಬಹಳಷ್ಟು ಸ್ಪಂಜುಗಳು ವಿಷವನ್ನೇ ಕಾವಲಿಗಿಟ್ಟುಕೊಂಡಿವೆ. ಎಷ್ಟೋ ಸಲ ಆ ವಿಷ ತಯಾರಿಸುವುದು ಸ್ಪಂಜೂ ಅಲ್ಲ, ಅದರೊಳಗೆ ಬಾಡಿಗೆಗಿರುವ ಸೂಕ್ಷ್ಮಜೀವಿಗಳು!

ಔಷಧ ಲೋಕ ಸ್ಪಂಜಿನತ್ತ ತಿರುಗಿದ್ದು 1950ರ ದಶಕದಲ್ಲಿ. ಅಮೆರಿಕದ ವರ್ನರ್ ಬರ್ಗ್‌ಮನ್ ಫ್ಲಾರಿಡಾ ಕಡಲಿನ ಸ್ಪಂಜೊಂದರಲ್ಲಿ ಡಿಎನ್‌ಎ ಘಟಕಗಳನ್ನೇ ಹೋಲುವ, ಆದರೆ ಅರಬಿನೋಸ್ ಎಂಬ ಬೇರೆ ಸಕ್ಕರೆಯಿರುವ ಅಣುಗಳನ್ನು ಕಂಡರು. ಅದೇ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಸೈಟರಾಬಿನ್ 1969ರಿಂದ ರಕ್ತದ ಕ್ಯಾನ್ಸರಿಗೆ ಮದ್ದು. ಅವಸರವಾಗಿ ಹೆಚ್ಚುವ ಕ್ಯಾನ್ಸರ್ ಕೋಶ ಅದನ್ನು ತನ್ನದೇ ಸರಕೆಂದು ಡಿಎನ್‌ಎಗೆ ಸೇರಿಸಿಕೊಂಡು, ಅಲ್ಲೇ ಸಿಕ್ಕಿಬೀಳುತ್ತದೆ.

ಸೈಟರಾಬಿನ್ ಚಿಕ್ಕ ಅಣು, ಕಟ್ಟುವುದೂ ಸುಲಭ. ಇನ್ನೊಂದು ಸ್ಪಂಜಿನಲ್ಲಿರುವ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣು ಹಾಗಲ್ಲ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳಾದ ಹಿರಾತ ಮತ್ತು ಉಎಮುರ 600 ಕಿಲೋ ಸ್ಪಂಜು ತಂದು ಸಾರ ತೆಗೆದಾಗ ಕೈಗೆ ಬಂದದ್ದು 12.5 ಮಿಲಿಗ್ರಾಂ. ಇಲಿಗಳ ಗಡ್ಡೆಯ ಮೇಲೆ ಅದು ಜೋರಾಗಿಯೇ ಕೆಲಸ ಮಾಡಿತು. ಆದರೆ ಮನುಷ್ಯರ ಮೇಲೆ ಪರೀಕ್ಷಿಸುವಷ್ಟು ಸಿಗಬೇಕಲ್ಲ? ನ್ಯೂಜಿಲೆಂಡಿನ ಆಳ ಕಡಲಿನಿಂದ ಇನ್ನೊಂದು ಜಾತಿಯ ಸ್ಪಂಜನ್ನು ಒಂದು ಟನ್ನಿನಷ್ಟು ಎತ್ತಿದರೂ ಒಂದು ಗ್ರಾಂ ತುಂಬಲಿಲ್ಲ. ಹೀಗೇ ಬಾಚಿದ್ದರೆ ಮದ್ದಿಗಿಂತ ಮೊದಲು ಸ್ಪಂಜೇ ಮುಗಿದುಹೋಗುತ್ತಿತ್ತು.

1992ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯೋಶಿತೊ ಕಿಶಿ ಇಡೀ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಅದಕ್ಕಿಂತ ದೊಡ್ಡ ಲಾಭ, ನನ್ನ ಮಟ್ಟಿಗೆ, ಕಟ್ಟುವ ಹಾದಿಯಲ್ಲಿ ಸಿಕ್ಕ ತುಂಡುಗಳದು. ಅವನ್ನು ಪರೀಕ್ಷಿಸಿದಾಗ ಕೋಶ ಕೊಲ್ಲುವ ಶಕ್ತಿಯೆಲ್ಲ ಅಣುವಿನ ಬಲಭಾಗದಲ್ಲೇ ಇರುವುದು ಗೊತ್ತಾಯಿತು. ಎಸಾಯ್ ಕಂಪನಿ ಅಷ್ಟನ್ನೇ ಉಳಿಸಿಕೊಂಡು ತಿದ್ದಿ ಮಾಡಿದ್ದು ಎರಿಬುಲಿನ್. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಸೂಕ್ಷ್ಮನಾಳಗಳ ತುದಿಯಲ್ಲಿ ಇದು ಕೂತುಬಿಡುತ್ತದೆ. ನಾಳ ಬೆಳೆಯದು, ಕೋಶ ಒಡೆಯದೆ ಕೊನೆಗೆ ಸಾಯುತ್ತದೆ. 2010ರಲ್ಲಿ, ಹರಡಿದ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಅಮೆರಿಕ ಅದನ್ನು ಒಪ್ಪಿತು. ಬಿಳಿರಕ್ತಕಣ ಕುಸಿಯುವುದು, ಕೈಕಾಲು ಜೋಮು ಹಿಡಿಯುವುದು ಅದರ ಅಡ್ಡಪರಿಣಾಮಗಳು. ಎಷ್ಟಾದರೂ ಮೂಲದಲ್ಲಿ ವಿಷವೇ.

ಸೈಟರಾಬಿನ್ ಆಗಲಿ ಎರಿಬುಲಿನ್ ಆಗಲಿ, ಇಂದು ಆಸ್ಪತ್ರೆಗೆ ಬರುವ ಸೀಸೆಯಲ್ಲಿ ಸ್ಪಂಜಿನ ಚೂರೂ ಇರುವುದಿಲ್ಲ. ಎರಡೂ ಕಾರ್ಖಾನೆಯ ಸರಕು. ಕಡಲ ಸ್ಪಂಜಿನ ‘ಸತ್ವ’ದಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರಾದರೂ ಡಬ್ಬಿ ಹಿಡಿದು ಬಂದರೆ ದಯವಿಟ್ಟು ಕೊಳ್ಳಬೇಡಿ.