ಚರ್ಮದ ಕಪ್ಪು ಕಲೆಗಳೂ ಹಾರ್ಮೋನುಗಳೂ

ಚರ್ಮದ ಮೇಲೆ ಕಪ್ಪು ಕಲೆ ಕಾಣಿಸಿಕೊಂಡರೆ ಅದನ್ನು ಬಂಗೆಂದು ಕರೆದು, ಯಾವುದಾದರೊಂದು ಲೇಪವನ್ನು ಹಚ್ಚಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ಇಂತಹ ಕಲೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವುಗಳ ಮೂಲವು ದೇಹದೊಳಗಿನ ಹಾರ್ಮೋನುಗಳ ಏರುಪೇರಿನಲ್ಲಿರುತ್ತದೆ. ಅಂತಹ ಮೂರು ಬಗೆಗಳನ್ನು ಇಲ್ಲಿ ಪರಿಶೀಲಿಸೋಣ.

ಚರ್ಮಕ್ಕೆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಹೊರಚರ್ಮದ ತಳದಲ್ಲಿರುವ ವರ್ಣಕೋಶಗಳಲ್ಲಿ, ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ ಉತ್ಪನ್ನವಾಗುತ್ತದೆ. ಬಿಸಿಲೂ ಕೆಲವು ಹಾರ್ಮೋನುಗಳೂ ಈ ಕ್ರಿಯೆಯನ್ನು ತೀವ್ರಗೊಳಿಸುತ್ತವೆ.

ಮೊದಲನೆಯದು ಬಂಗು. ಇದು ಗರ್ಭಿಣಿಯರಲ್ಲಿಯೂ ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸುವವರಲ್ಲಿಯೂ ಹೆಚ್ಚು. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರಾನ್‌ಗಳು ರಕ್ತದೊಡನೆ ದೇಹದಲ್ಲೆಲ್ಲ ಸಂಚರಿಸಿದರೂ ಕಲೆಗಳು ಕೆನ್ನೆ, ಹಣೆ, ಮೇಲ್ತುಟಿಗಳಲ್ಲಿಯೇ ಮೂಡುವುದೇಕೆ? ಹಾರ್ಮೋನಿನ ಪ್ರಭಾವದೊಡನೆ ಬಿಸಿಲೂ ಕೂಡಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಹೆರಿಗೆಯ ಅನಂತರ ಅನೇಕರಲ್ಲಿ ಇದು ತಾನಾಗಿಯೇ ಮಾಸುತ್ತದೆ.

ಎರಡನೆಯದು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ವ್ಯಾಧಿ. ಇದರಲ್ಲಿ ಅಡ್ರಿನಲ್ ಗ್ರಂಥಿಗಳು ಕೆಟ್ಟು ಕಾರ್ಟಿಸಾಲ್ ಕುಗ್ಗುತ್ತದೆ. ಕೊರತೆಯನ್ನು ನೀಗಲೆಂದು ಪಿಟ್ಯುಟರಿ ಗ್ರಂಥಿಯು ಎ.ಸಿ.ಟಿ.ಎಚ್. ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ. ಈ ಹಾರ್ಮೋನಿನ ಮೊದಲ 13 ಅಮೈನೊ ಆಮ್ಲಗಳ ಕ್ರಮವೂ ವರ್ಣಕೋಶಗಳನ್ನು ಪ್ರಚೋದಿಸುವ ಹಾರ್ಮೋನಿನ ಕ್ರಮವೂ ಒಂದೇ. ತತ್ಫಲವಾಗಿ ಬಿಸಿಲು ತಾಗದ ಒಸಡು, ಅಂಗೈಯ ಗೆರೆ, ಹಳೆಯ ಗಾಯದ ಗುರುತುಗಳೂ ಕಪ್ಪಾಗುತ್ತವೆ. ಜೊತೆಗೆ ನಿತ್ರಾಣ, ತೂಕದ ಇಳಿತ, ರಕ್ತದೊತ್ತಡದ ಕುಸಿತಗಳೂ ಉಂಟು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಾಂತಕ. ಗ್ರಂಥಿಗೆ ತಗಲಿದ ಕ್ಷಯವೂ ಇದಕ್ಕೆ ಒಂದು ಕಾರಣವಾದುದರಿಂದ ನಮ್ಮ ದೇಶದಲ್ಲಿ ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ಮೂರನೆಯದು ಕತ್ತಿನ ಹಿಂಭಾಗದಲ್ಲಿಯೂ ಕಂಕುಳಲ್ಲಿಯೂ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪು. ದೇಹದ ಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣವು ಏರಿ, ಚರ್ಮದ ಕೋಶಗಳ ವೃದ್ಧಿಯನ್ನು ಪ್ರಚೋದಿಸುತ್ತದೆ. ಇಲ್ಲಿ ಚರ್ಮವು ದಪ್ಪಗಾಗುವುದೇ ಪ್ರಧಾನ. ಕೊಳೆಯೆಂದು ಭಾವಿಸಿ ಎಷ್ಟು ಉಜ್ಜಿದರೂ ಇದು ಹೋಗದು. ಬಾಲಕರಲ್ಲಿ ಕಂಡರೂ ಮುಂದೆ ಬರಬಹುದಾದ ಮಧುಮೇಹದ ಸೂಚನೆಯೆಂದು ತಿಳಿದು ರಕ್ತಪರೀಕ್ಷೆ ಮಾಡಿಸುವುದು ಉಚಿತ.

ಹೀಗೆ ಕಲೆಯಿರುವ ಸ್ಥಾನವೇ ಅದರ ಕಾರಣವನ್ನು ಬಹುಮಟ್ಟಿಗೆ ಸೂಚಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಬೆರೆತ ಲೇಪಗಳನ್ನು ಬಹುಕಾಲ ಹಚ್ಚಿದರೆ ಚರ್ಮವು ತೆಳುವಾಗುವುದಲ್ಲದೆ, ಒಳಗಿನ ವ್ಯಾಧಿಯೂ ಗಮನಕ್ಕೆ ಬಾರದೆ ಉಳಿದೀತು. ಆದುದರಿಂದ ಕಲೆಯನ್ನು ಅಳಿಸಲು ಯತ್ನಿಸುವ ಮೊದಲು ಅದರ ಕಾರಣವನ್ನು ಅರಿಯುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.