ಮಧ್ಯವಯಸ್ಸಿನ ಸ್ತ್ರೀಯರೂ ದೇಹದ ಭಾರವೂ

ಮದುವೆಯಾಗಿ ಹತ್ತು ಹದಿನೈದು ವರ್ಷ ಕಳೆದ ಗೃಹಿಣಿಯು ಮೈದುಂಬಿಕೊಂಡರೆ ಅದನ್ನು ಮನೆತನದ ಸುಖದ ಕುರುಹೆಂದು ಎಣಿಸುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಮಿತಿಮೀರಿದ ಆ ಭಾರವೇ ಐವತ್ತರ ಸುಮಾರಿಗೆ ಅವಳನ್ನು ಆಸ್ಪತ್ರೆಯ ಹಾಸಿಗೆಗೆ ಒಯ್ಯಬಹುದೆಂಬ ಸಂಗತಿಯ ಕಡೆಗೆ ಮೈಸೂರಿನ ಮಹಾಜನರ ಗಮನವನ್ನು ಸೆಳೆಯಬಯಸುತ್ತೇವೆ.

ಆಸ್ಪತ್ರೆಗೆ ಸೇರುವಾಗ ಕಾರಣವೆಂದು ಹೇಳಲ್ಪಡುವುದು ಪಿತ್ತಕೋಶದ ಕಲ್ಲು, ಮೊಣಕಾಲಿನ ಸವೆತ, ಮಧುಮೇಹದಿಂದ ಮಾಗದ ಹುಣ್ಣು. ಇವೆಲ್ಲದರ ಹಿಂದೆ ಹಲವು ವೇಳೆ ಭಾರವೇ ಅಡಗಿರುವುದನ್ನು ಲೆಕ್ಕಹಾಕಿ ತೋರಿಸಿದವರು ಇಂಗ್ಲೆಂಡಿನ ವಿದ್ವಾಂಸರು. ಇಂಗ್ಲೆಂಡ್, ಸ್ಕಾಟ್ಲೆಂಡುಗಳ 12 ಲಕ್ಷಕ್ಕೂ ಮಿಕ್ಕ ಸ್ತ್ರೀಯರ ಸಂಗತಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿ 2014ರಲ್ಲಿ ಅವರು ಪ್ರಕಟಿಸಿದ ನಿರ್ಣಯದಂತೆ, 50ರಿಂದ 84 ವಯಸ್ಸಿನ ಸ್ತ್ರೀಯರು ಆಸ್ಪತ್ರೆಗೆ ಸೇರುವ ಎಂಟು ಪ್ರಸಂಗಗಳಲ್ಲಿ ಸುಮಾರು ಒಂದಕ್ಕೆ ಅಧಿಕ ಭಾರವೇ ಹೊಣೆ.

ಅದು ಶೀತದೇಶದವರ ಲೆಕ್ಕ, ನಮಗೇನೆಂದು ಕೆಲವರು ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಲಿ. 15ರಿಂದ 49 ವಯಸ್ಸಿನ ಕನ್ನಡನಾಡಿನ ಸ್ತ್ರೀಯರಲ್ಲಿ ಅಧಿಕ ಭಾರದವರು 2015–16ರಲ್ಲಿ ಶೇಕಡಾ 23.3 ಇದ್ದವರು 2019–21ರಲ್ಲಿ ಶೇಕಡಾ 30.1 ಆದರು. ಅದೂ ದೇಹತೂಕ ಸೂಚಿ 25ಕ್ಕೆ ಮುಟ್ಟಿದವರನ್ನು ಮಾತ್ರ ಎಣಿಸಿದ ಲೆಕ್ಕ. ನಮ್ಮ ಜನರ ಕೊಬ್ಬು ಹೊಟ್ಟೆಯ ಸುತ್ತಲೇ ಹೆಚ್ಚಾಗಿ ಸೇರುವುದರಿಂದ, 23ಕ್ಕೇ ಎಚ್ಚರಗೊಳ್ಳಬೇಕೆಂದೂ, ಸ್ತ್ರೀಯ ಸೊಂಟದ ಸುತ್ತಳತೆ 80 ಸೆಂಟಿಮೀಟರು ಮೀರಬಾರದೆಂದೂ ಭಾರತೀಯ ವೈದ್ಯರು 2009ರಲ್ಲಿಯೇ ವಿಧಿಸಿರುವರು.

ನಮ್ಮ ನಗರದ ಸಾಕ್ಷ್ಯವು ಇದಕ್ಕಿಂತಲೂ ಹತ್ತಿರದ್ದು. ಮಂಡಿ ಮೊಹಲ್ಲೆಯಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಮಾತಿನಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಹೆರಿಗೆಯಾದ ಐದು ವರ್ಷಗಳ ತರುವಾಯ ಅವರನ್ನು ಮತ್ತೆ ಕರೆಸಿ ನೋಡಲಾಯಿತು. ಗರ್ಭಕಾಲದಲ್ಲಿ ಮಧುಮೇಹ ಕಂಡಿದ್ದವರಲ್ಲಿ ಶೇಕಡಾ 37 ಮಂದಿ ಆ ವೇಳೆಗೆ ಮಧುಮೇಹಿಗಳಾಗಿದ್ದರು. ಉಳಿದವರಲ್ಲಿ ಶೇಕಡಾ 2 ಮಾತ್ರ. ಅಧಿಕ ಭಾರವು ಗರ್ಭಕಾಲದ ಮಧುಮೇಹವನ್ನೂ, ಮುಂದಿನ ಶಾಶ್ವತ ಮಧುಮೇಹವನ್ನೂ ಹತ್ತಿರಕ್ಕೆ ಎಳೆಯುವುದು. ಐವತ್ತರ ರೋಗದ ಸೂಚನೆ ಇಪ್ಪತ್ತೈದರ ಬಾಣಂತಿಯಲ್ಲೇ ದೊರೆಯುತ್ತಿರುವಾಗ, ನಡುವಣ ಇಪ್ಪತ್ತೈದು ವರ್ಷ ಅವಳನ್ನು ತೂಗಿ ನೋಡುವವರಾರು?

ಸ್ತ್ರೀಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಚೆಲ್ಲಲಾರದೆ ತಾನೇ ಬಡಿಸಿಕೊಳ್ಳುವವಳು ಅವಳು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯಿರೆಂದು ವೈದ್ಯರು ಹೇಳುವರು. ಮಕ್ಕಳ ಡಬ್ಬಿ ತುಂಬಬೇಕಾದ ಆ ಹೊತ್ತಿನಲ್ಲಿ ಒಲೆಯನ್ನು ಯಾರಿಗೆ ಒಪ್ಪಿಸಿ ಹೊರಡುವುದು? ಏರಿಯ ಮೇಲೆ ತಾವು ಒಂದು ಸುತ್ತು ಮುಗಿಸಿ ಬಂದು ಕಾಫಿ ಕೇಳುವ ಯಜಮಾನರು ಈ ಪ್ರಶ್ನೆಗೆ ಉತ್ತರ ಕೊಡತಕ್ಕವರು. ಇನ್ನು ಮೊಣಕಾಲು ನೋಯತೊಡಗಿದ ಮೇಲೆ ನಡೆಯುವುದೇ ನಿಲ್ಲುವುದು, ನಿಂತುದರಿಂದ ಭಾರ ಏರುವುದು, ಏರಿದ ಭಾರದಿಂದ ಕೀಲು ಮತ್ತಷ್ಟು ಸವೆಯುವುದು. ಕಡೆಗೆ ಶಸ್ತ್ರಚಿಕಿತ್ಸೆಗಾಗಿ ಒಡವೆ ಅಡವಿಡುವ ಕಾಲ ಬರುವುದು.

ಸರ್ಕಾರದವರು ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಚೆಲುವಾಂಬ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಹೊರಡುವ ತಾಯಿಯ ಚೀಟಿಯಲ್ಲಿ, ಮಗುವಿನ ಲಸಿಕೆಯ ದಿನಗಳ ಕೆಳಗೆ, ಅವಳದೇ ತೂಕ, ಸೊಂಟದಳತೆ, ಸಕ್ಕರೆಗಳ ಮುಂದಿನ ಪರೀಕ್ಷೆಯ ದಿನವನ್ನೂ ಬರೆದುಕೊಡಲಿ. ಆ ದಿನ ಬಾರದವಳ ಮನೆಗೆ ಬಡಾವಣೆಯ ಆಶಾ ಕಾರ್ಯಕರ್ತೆಯು ಒಮ್ಮೆ ಹೋಗಿ ಬರಲಿ.